ಯಂತ್ರಶಿಲ್ಪದಿಂದ ಅಂತರಿಕ್ಷಕ್ಕೆ

ಮೆಕ್ಯಾನಿಕಲ್ ಇಂಜಿನಿಯರಿಂಗ್ ಎಂದೊಡನೆ ಅನೇಕರ ಕಣ್ಣ ಮುಂದೆ ನಿಲ್ಲುವುದು ಲೇತು, ಬಾಯ್ಲರು, ಎಣ್ಣೆ ಮೆತ್ತಿದ ಕೈಗಳು. ಹೈದರಾಬಾದಿನಂತಹ ನಗರದಲ್ಲಿ ಈ ಪದವಿಯನ್ನು ಪಡೆದ ತರುಣರೂ ಕಂಪ್ಯೂಟರ್ ಕಂಪೆನಿಗಳತ್ತ ಹೊರಳುವುದು ಸಾಮಾನ್ಯವಾಗಿದೆ. ಕಲಿತ ವಿದ್ಯೆಗೆ ತಕ್ಕ ಕಾರ್ಯಕ್ಷೇತ್ರವಿಲ್ಲವೆಂಬ ಅಳುಕೇ ಇದಕ್ಕೆ ಒಂದು ಕಾರಣ. ಈ ಅಳುಕು ಎಷ್ಟರಮಟ್ಟಿಗೆ ನಿಜವೆಂಬುದನ್ನು ಅರಿಯಲು ಇದೇ ನಗರದ ಸ್ಕೈರೂಟ್ ಏರೋಸ್ಪೇಸ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಪವನ್ ಕುಮಾರ್ ಚಂದನ ಅವರ ವೃತ್ತಿಜೀವನವನ್ನು ಅವಲೋಕಿಸುವುದು ಉಪಯುಕ್ತ.

ಶ್ರೀಯುತರು ಖರಗಪುರದ ಐ.ಐ.ಟಿ.ಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ವ್ಯಾಸಂಗ ಮಾಡಿ, 2012ರಲ್ಲಿ ಇಸ್ರೋ ಸಂಸ್ಥೆಯ ತಿರುವನಂತಪುರದ ವಿಕ್ರಮ್ ಸಾರಾಭಾಯಿ ಅಂತರಿಕ್ಷ ಕೇಂದ್ರವನ್ನು ಸೇರಿದರು. ಅಲ್ಲಿ ಅವರಿಗೆ ಭಾರಿ ರಾಕೆಟ್ಟಿನ ಯೋಜನೆಯಲ್ಲಿ ದುಡಿಯುವ ಅವಕಾಶ ದೊರೆಯಿತು. ಸುಮಾರು ಆರು ವರ್ಷಗಳ ಸೇವೆಯ ಬಳಿಕ, 2018ರಲ್ಲಿ, ಭದ್ರವಾದ ಸರಕಾರಿ ಹುದ್ದೆಯನ್ನು ತ್ಯಜಿಸಿ, ಸಹೋದ್ಯೋಗಿ ನಾಗಭರತ್ ಡಾಕಾ ಅವರೊಡಗೂಡಿ ಹೈದರಾಬಾದಿನಲ್ಲಿ ಸಂಸ್ಥೆಯನ್ನು ಸ್ಥಾಪಿಸಿದರು. ಅಂತರಿಕ್ಷ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆಯುವ ನಿರ್ಧಾರವನ್ನು ಕೇಂದ್ರ ಸರಕಾರ ಪ್ರಕಟಿಸಿದ್ದು 2020ರ ಜೂನ್‌ನಲ್ಲಿ. ಎಂದರೆ, ಬಾಗಿಲು ತೆರೆಯುವುದಕ್ಕೆ ಎರಡು ವರ್ಷ ಮೊದಲೇ ಅವರು ಹೊಸ್ತಿಲಲ್ಲಿ ನಿಂತಿದ್ದರು.

ರಾಕೆಟ್ಟಿನಲ್ಲಿ ಯಂತ್ರಶಿಲ್ಪಿಗೆ ಏನು ಕೆಲಸವೆಂದು ಕೇಳುವವರುಂಟು. ಬಹುಪಾಲು ಕೆಲಸ ಅವನದೇ ಎನ್ನಬಹುದು. ದ್ರವ ಆಮ್ಲಜನಕವು ಸುಮಾರು ಮೈನಸ್ 183 ಡಿಗ್ರಿ ಸೆಲ್ಸಿಯಸ್‌ನಷ್ಟು ಶೀತಲ; ಅದೇ ಎಂಜಿನ್ನಿನಲ್ಲಿ ಕೆಲವೇ ಅಂಗುಲಗಳ ಅಂತರದಲ್ಲಿ ಉರಿಯುವ ಜ್ವಾಲೆಯಾದರೋ ಉಕ್ಕನ್ನೂ ಕರಗಿಸಬಲ್ಲದು. ಈ ನಡುವೆ ಲೋಹವು ಕುಗ್ಗದಂತೆ, ಬಿರಿಯದಂತೆ, ಬೆಸುಗೆ ಬಿಡದಂತೆ ನೋಡಿಕೊಳ್ಳುವುದು ಉಷ್ಣಶಾಸ್ತ್ರವನ್ನೂ ದ್ರವ್ಯಬಲವನ್ನೂ ಬಲ್ಲವರ ಹೊಣೆ. ಲೋಹದ ಪುಡಿಯನ್ನು ಪದರ ಪದರವಾಗಿ ಕರಗಿಸಿ ಬಿಡಿಭಾಗಗಳನ್ನು ರೂಪಿಸುವ ತ್ರೀ-ಡಿ ಮುದ್ರಣ ವಿಧಾನವನ್ನು ಸ್ಕೈರೂಟ್ ತನ್ನ ಎಂಜಿನ್ನುಗಳಿಗೆ ಬಳಸಿತು. 2021ರಲ್ಲಿ ಪರೀಕ್ಷೆಗೊಂಡ ಅದರ ಶೀತಲ ಎಂಜಿನ್ನಿಗೆ 'ಧವನ್' ಎಂಬ ನಾಮಕರಣವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಇಸ್ರೋ ಅಧ್ಯಕ್ಷರಾಗಿಯೂ ಕನ್ನಡ ನಾಡಿಗೆ ಸುಪರಿಚಿತರಾದ ಸತೀಶ್ ಧವನ್ ಅವರೂ ಮೆಕ್ಯಾನಿಕಲ್ ಪದವೀಧರರೇ ಎಂಬುದು ಸ್ಮರಣೀಯ.

2022ರ ನವೆಂಬರ್ 18ರಂದು ಶ್ರೀಹರಿಕೋಟೆಯಿಂದ 'ವಿಕ್ರಮ್-ಎಸ್' ಮೇಲೇರಿತು. ಸುಮಾರು ಆರು ಮೀಟರ್ ಉದ್ದ, 545 ಕಿಲೋಗ್ರಾಂ ತೂಕದ ಈ ವಾಹನ 89.5 ಕಿಲೋಮೀಟರ್ ಎತ್ತರವನ್ನು ಮುಟ್ಟಿ ಸಮುದ್ರಕ್ಕಿಳಿಯಿತು. ಉಪಗ್ರಹವನ್ನು ಕಕ್ಷೆಗೆ ಸೇರಿಸುವ ರಾಕೆಟ್ಟು ಇದಲ್ಲ, ಕೇವಲ ಪರೀಕ್ಷಾ ವಾಹನ. ಆದರೂ ಭಾರತದ ಖಾಸಗಿ ಸಂಸ್ಥೆಯೊಂದು ನಿರ್ಮಿಸಿದ ರಾಕೆಟ್ಟು ಹೀಗೆ ಹಾರಿದ್ದು ಅದೇ ಮೊದಲು.

ಈ ಸಾಹಸದ ಆರ್ಥಿಕ ಮುಖವನ್ನೂ ಮರೆಯಲಾಗದು. ಸಾಲ ಕೊಡುವವರು ಆಧಾರವಾಗಿ ಆಸ್ತಿಯನ್ನೂ ಕಂತು ತೀರಿಸಲು ವರಮಾನವನ್ನೂ ಅಪೇಕ್ಷಿಸುತ್ತಾರೆ. ಇನ್ನೂ ಹಾರದ ರಾಕೆಟ್ಟಿಗೆ ಎರಡೂ ಇಲ್ಲ. ಆದುದರಿಂದ ಇಂಥ ಉದ್ಯಮಕ್ಕೆ ಬೇಕಾದುದು ಲಾಭದಂತೆ ನಷ್ಟದಲ್ಲೂ ಭಾಗಿಯಾಗುವ ಪಾಲು ಬಂಡವಾಳ. ಸ್ಕೈರೂಟಿಗೆ ಆರಂಭದ ಬಂಡವಾಳ ಒದಗಿಸಿದವರು ಬೆಂಗಳೂರಿನಲ್ಲಿ ಮಿಂತ್ರಾ ಕಂಪೆನಿಯನ್ನು ಕಟ್ಟಿದ ಮುಕೇಶ್ ಬನ್ಸಲ್. 2022ರಲ್ಲಿ ಸಿಂಗಪುರದ ಜಿ.ಐ.ಸಿ. ಸಂಸ್ಥೆಯ ಮುಂದಾಳತ್ವದಲ್ಲಿ 5.1 ಕೋಟಿ ಡಾಲರ್ ಹರಿದುಬಂದಿತು. ಆದರೆ ಇಂಥ ಹಣ ಪುಕ್ಕಟೆಯಲ್ಲ. ಒಡೆತನದ ಒಂದು ಭಾಗ ಕೈಬಿಡುತ್ತದೆ, ಉದ್ಯಮ ಸೋತರೆ ವರ್ಷಗಳ ದುಡಿಮೆಯೂ ಹೋದೀತು.

ಹಾಗೆಂದು ಎಲ್ಲ ತರುಣರೂ ಉದ್ಯೋಗವನ್ನು ತೊರೆದು ಸ್ವಂತ ಸಂಸ್ಥೆ ತೆರೆಯಬೇಕೆಂದಲ್ಲ. ಚಂದನ ಅವರ ಧೈರ್ಯದ ಹಿಂದೆ ಸರಕಾರಿ ಕೇಂದ್ರದಲ್ಲಿ ಗಳಿಸಿದ ಆರು ವರ್ಷಗಳ ಅನುಭವವಿತ್ತು. ಸಾರ್ವಜನಿಕ ಸಂಸ್ಥೆ ಅವರಿಗೆ ಎರಡನೆಯ ವಿದ್ಯಾಲಯವಾಯಿತು. ರಾಕೆಟ್ಟಿಗೆ ಒಡೆಯರಷ್ಟೇ ಸಾಲದು. ವಿನ್ಯಾಸಕಾರರು, ಬೆಸುಗೆಗಾರರು, ಗುಣಪರೀಕ್ಷಕರು, ಮಿಶ್ರಲೋಹವನ್ನು ಬಲ್ಲವರು ಎಲ್ಲರೂ ಬೇಕು. ಇದೇ ನಗರದ ಕಂಚನ್‌ಬಾಗಿನಲ್ಲಿರುವ, 1973ರಲ್ಲಿ ಸ್ಥಾಪಿತವಾದ ಮಿಶ್ರಧಾತು ನಿಗಮವು ಅಂತರಿಕ್ಷ ಯೋಜನೆಗಳಿಗೆ ವಿಶೇಷ ಲೋಹಗಳನ್ನು ಒದಗಿಸುತ್ತ ಬಂದಿದೆ. ಮಗನೋ ಮಗಳೋ ಮೆಕ್ಯಾನಿಕಲ್ ವಿಭಾಗವನ್ನು ಬಯಸಿದರೆ ಪಾಲಕರು ನಿರುತ್ಸಾಹಗೊಳಿಸುವ ಮುನ್ನ ಇದನ್ನೆಲ್ಲ ಒಮ್ಮೆ ಪರ್ಯಾಲೋಚಿಸುವುದು ಒಳಿತು.