ಅಪ್ಪನ ಕೆಲಸ, ಮಗುವಿನ ಆಯುಷ್ಯ

ಜನಗಣತಿಯೆಂದರೆ ತಲೆ ಎಣಿಸುವ ಕೆಲಸ ಎಂದು ತಿಳಿದವರೇ ಹೆಚ್ಚು. ಆದರೆ 1911ರ ಏಪ್ರಿಲ್‌ನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮನೆಗಳಿಗೆ ಬಂದ ನಮೂನೆಯಲ್ಲಿ ವಿವಾಹಿತ ಮಹಿಳೆಯರನ್ನು ಕುರಿತು ಕಠಿಣವಾದ ಪ್ರಶ್ನೆಗಳೇ ಇದ್ದವು. ಮದುವೆಯಾಗಿ ಎಷ್ಟು ವರ್ಷ? ಹುಟ್ಟಿದ ಮಕ್ಕಳೆಷ್ಟು? ತೀರಿಕೊಂಡವರೆಷ್ಟು?

ಆಗ ಬ್ರಿಟನ್ನಿನಲ್ಲಿ ದೊಡ್ಡ ವಾಗ್ವಾದ ನಡೆದಿತ್ತು. ಬಡವರ ಶಿಶುಗಳು ಹೆಚ್ಚಾಗಿ ಸಾಯುವುದು ಅವರ ವಂಶವೇ ದುರ್ಬಲವಾದ್ದರಿಂದ ಎಂಬುದು ಸುಜನನವಾದಿಗಳ ವಾದ. ಅಲ್ಲ, ಇಕ್ಕಟ್ಟಾದ ಮನೆ, ಕೊಳಕು ಪರಿಸರವೇ ಕಾರಣ ಎಂದು ಸಾರ್ವಜನಿಕ ಆರೋಗ್ಯದ ವೈದ್ಯರು ಹೇಳುತ್ತಿದ್ದರು. ಇದನ್ನು ಅಳೆದು ನೋಡುವುದು ಹೇಗೆ? ಗಣತಿಯಲ್ಲಿ ಯಾರ ಆದಾಯವನ್ನೂ ಕೇಳುತ್ತಿರಲಿಲ್ಲ. ರಿಜಿಸ್ಟ್ರಾರ್ ಜನರಲ್ ಕಚೇರಿಯ ಸಂಖ್ಯಾಶಾಸ್ತ್ರಜ್ಞ, ಸ್ವತಃ ವೈದ್ಯರಾಗಿದ್ದ ಟಿ.ಎಚ್.ಸಿ. ಸ್ಟೀವನ್‌ಸನ್, ಉದ್ಯೋಗವನ್ನೇ ಅಳತೆಗೋಲಾಗಿ ಹಿಡಿದರು. ವೈದ್ಯ, ವಕೀಲರಂಥವರು ಒಂದನೆಯ ವರ್ಗ. ಕಸುಬು ಬಲ್ಲ ಕೆಲಸಗಾರರು ಮೂರನೆಯದು. ಬರಿಯ ಮೈಕೂಲಿಯವರು ಐದನೆಯದು. ಎರಡು ಮತ್ತು ನಾಲ್ಕು ಇವುಗಳ ನಡುವಿನವು. ಜವಳಿ ಕಾರ್ಮಿಕರು, ಗಣಿ ಕೆಲಸಗಾರರು ಮತ್ತು ಕೃಷಿ ಕೂಲಿಗಳನ್ನು ಮಾತ್ರ ಬೇರೆಯಾಗಿ ಇಟ್ಟರು.

ಈ ಬೇರೆ ಇಟ್ಟದ್ದೇ ಒಳ್ಳೆಯದಾಯಿತು. ಆ ವರ್ಷ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ಒಂದನೆಯ ವರ್ಗದಲ್ಲಿ ಸುಮಾರು 76, ಐದನೆಯ ವರ್ಗದಲ್ಲಿ 150ಕ್ಕೂ ಹೆಚ್ಚು ಮಕ್ಕಳು ವರ್ಷ ತುಂಬುವ ಮುನ್ನವೇ ಸತ್ತಿದ್ದವು. ಇದು ನಿರೀಕ್ಷಿತವೇ. ಗಣಿ ಕೆಲಸಗಾರರ ಮನೆಗಳಲ್ಲಿ ಈ ಸಂಖ್ಯೆ 160ರಷ್ಟು. ಆದರೆ ಅವರಿಗಿಂತ ತೀರಾ ಕಡಿಮೆ ಕೂಲಿ ಪಡೆಯುತ್ತಿದ್ದ ಕೃಷಿ ಕೂಲಿಗಳ ಮನೆಗಳಲ್ಲಿ ಸುಮಾರು 97 ಮಾತ್ರ! ಪಟ್ಟಣದ ಕುಶಲ ಕೆಲಸಗಾರನ ಮಗುವಿಗಿಂತ ಹಳ್ಳಿಯ ಕೂಲಿಯ ಮಗು ಬದುಕುವ ಸಂಭವವೇ ಹೆಚ್ಚಾಗಿತ್ತು. ಇದಕ್ಕೆ ಬಡತನವೊಂದೇ ಉತ್ತರವಾಗಲಾರದು. ಬಡವರ ರಕ್ತವೇ ದುರ್ಬಲ ಎನ್ನುವವರಿಗಂತೂ ಈ ಅಂಕಿ ನುಂಗಲಾರದ ತುತ್ತು. ಮನೆ ಇರುವ ಜಾಗವನ್ನೂ ನೋಡಲೇಬೇಕಾಗುತ್ತದೆ.

ಸ್ಟೀವನ್‌ಸನ್‌ರ ಏಣಿ ಮಾತ್ರ ಅಷ್ಟೇನೂ ಗಟ್ಟಿಯಾದದ್ದಲ್ಲ. 1911ರಲ್ಲಿ ಒಂದನೆಯ ವರ್ಗದಲ್ಲಿದ್ದ ಗುಮಾಸ್ತ 1921ರಲ್ಲಿ ಎರಡಕ್ಕೆ, 1931ರಲ್ಲಿ ಮೂರಕ್ಕೆ ಇಳಿದ. ಮೇಜು, ಲೆಕ್ಕದ ಪುಸ್ತಕ ಅವೇ ಇದ್ದರೂ ಸಮಾಜ ಅವನಿಗೆ ಕೊಡುವ ಬೆಲೆ ಬದಲಾಗಿತ್ತು. ವಿವಾಹಿತೆಯನ್ನು ಸಾಮಾನ್ಯವಾಗಿ ಗಂಡನ ಉದ್ಯೋಗದ ವರ್ಗಕ್ಕೇ ಸೇರಿಸುತ್ತಿದ್ದರು; ಅವಳ ದುಡಿಮೆಗೆ ಏಣಿಯಲ್ಲಿ ಮೆಟ್ಟಿಲೇ ಇರಲಿಲ್ಲ. 2001ರ ಗಣತಿಯಲ್ಲಿ ಬ್ರಿಟನ್ ಹಳೆಯ ಏಣಿಯನ್ನು ಕೈಬಿಟ್ಟಿತು. ಕೆಲಸ ಖಾಯಮ್ಮೇ, ಬಡ್ತಿಯ ಅವಕಾಶವಿದೆಯೇ, ಒಬ್ಬರ ಕೈಕೆಳಗೆ ದುಡಿಯುವುದೋ ಸ್ವಂತ ಉದ್ಯೋಗವೋ ಎಂಬಂಥ ವಿಷಯಗಳ ಮೇಲೆ ಹೊಸ ವರ್ಗೀಕರಣ ಬಂದಿತು.

ಅದೇ 2001ರ ಭಾರತದ ಗಣತಿ ಹಿಡಿದದ್ದು ಬೇರೆಯೇ ದಾರಿ. ಮನೆಪಟ್ಟಿ ತಯಾರಿಸುವಾಗಲೇ ರೇಡಿಯೊ, ಟಿ.ವಿ., ಸೈಕಲ್, ಸ್ಕೂಟರ್, ಕಾರು ಇವೆಯೇ ಎಂದು ಕೇಳಲಾಯಿತು. 2011ರ ಗಣತಿಯಲ್ಲಿ ಆ ಪಟ್ಟಿಗೆ ಕಂಪ್ಯೂಟರೂ ಸೇರಿತು.