ಹೆಬ್ಬೆಟ್ಟಿನಗಲದ ಚಿತ್ರಶಾಲೆ

ಊರಿನಿಂದ ಬಂದ ಕಾಗದವನ್ನು ಒಡೆಯುವ ಆತುರದಲ್ಲಿ ಲಕೋಟೆಯ ಮೂಲೆಯಲ್ಲಿರುವ ಅಂಚೆಚೀಟಿಯನ್ನು ದಿಟ್ಟಿಸಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಆ ಹೆಬ್ಬೆಟ್ಟಿನಗಲದ ಚೂರೂ ಒಂದು ಕಲಾಕೃತಿಯೇ. ಆದರೆ ಅದನ್ನು ಸಭಾಂಗಣದಲ್ಲಿಟ್ಟು ಸಾವಿರಾರು ಜನರಿಗೆ ತೋರಿಸುವುದು ಸುಲಭವಲ್ಲ. ದೆಹಲಿಯ ಡಾಕ್ ಭವನದಲ್ಲಿ 1968ರಲ್ಲಿ ಆರಂಭವಾದ ರಾಷ್ಟ್ರೀಯ ಅಂಚೆಚೀಟಿ ಸಂಗ್ರಹಾಲಯದಂತಹ ಸಂಸ್ಥೆಗಳೆಲ್ಲವೂ ಬಿಡಿಸಬೇಕಾದ ಒಗಟು ಇದು.

ಮೊದಲ ತೊಡಕು ಬೆಳಕಿನದು. ಬೆಳಕಿಲ್ಲದೆ ಚಿತ್ರ ಕಾಣದು. ಬೆಳಕು ಮಿತಿಮೀರಿದರೆ ಬಣ್ಣ ಉಳಿಯದು. ಒಮ್ಮೆ ಮಾಸಿದ ಬಣ್ಣವನ್ನು ಮರಳಿ ತರುವ ಉಪಾಯವಿಲ್ಲ. ಆದಕಾರಣ ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕು, ಅತಿನೇರಳೆ ಕಿರಣವನ್ನು ತಡೆಯುವ ಗಾಜು, ನೋಡುವಾಗಷ್ಟೇ ಹೊರಗೆಳೆಯುವ ಚೌಕಟ್ಟು, ಇವುಗಳನ್ನು ಬಳಸುತ್ತಾರೆ. ಚೀಟಿಗೆ ಅಂಟು ಹಚ್ಚಿ ಮೆತ್ತುವುದಂತೂ ನಿಷಿದ್ಧ.

ಎರಡನೆಯದು ಗಾತ್ರದ ತೊಡಕು. ಮೂಲದ ಪಕ್ಕದಲ್ಲಿ ಅದರ ಹಿಗ್ಗಿಸಿದ ಪ್ರತಿಯನ್ನೂ, ಕಲಾವಿದನ ಕರಡುಚಿತ್ರವನ್ನೂ ಇಟ್ಟರೆ ಕಣ್ಣು ತಾನಾಗಿಯೇ ಮೂಲವನ್ನು ಅರಸುತ್ತದೆ. ಬಾರ್ಟಲ್ ಫ್ರೇರ್ 1852ರಲ್ಲಿ ಹೊರಡಿಸಿದ, ಏಷ್ಯಾದ ಮೊದಲ ಅಂಚೆಚೀಟಿಯಾದ 'ಸಿಂಧ್ ಡಾಕ್'ನ ಬಿಳಿಯ ಪ್ರತಿಯಲ್ಲಿ ಬಣ್ಣವೇ ಇಲ್ಲ, ಉಬ್ಬಚ್ಚು ಮಾತ್ರ. ನೇರ ಬೆಳಕಿನಲ್ಲಿ ಅದು ಬರಿಯ ಕಾಗದ. ಓರೆಯಾಗಿ ಬೆಳಕು ಬಿದ್ದಾಗ ಅಚ್ಚು ಎದ್ದು ನಿಲ್ಲುತ್ತದೆ.

ಮೂರನೆಯದು ಕಥನಕ್ರಮ. ಬೆಲೆಗಳನ್ನು ಪಟ್ಟಿಮಾಡಿದರೆ ನೋಟಕನು ಬೇಸರಗೊಳ್ಳುವನು. 1854ರ ನಾಲ್ಕಾಣೆಯ ಚೀಟಿಯನ್ನು ಕೆಂಪು, ನೀಲಿ ಎಂದು ಎರಡು ಸಲ ಅಚ್ಚಿಸುವಾಗ ಕೆಲವದರಲ್ಲಿ ರಾಣಿಯ ತಲೆ ಕೆಳಗಾಯಿತೆಂದು ಹೇಳಿದರೆ, ಅಚ್ಚಿನ ಕೆಲಸವೂ ತಿಳಿಯುವುದು, ನಗುವೂ ಬರುವುದು. 1947ರ ನವೆಂಬರ್ 21ರಂದು ತ್ರಿವರ್ಣ ಧ್ವಜದೊಡನೆ 'ಜೈ ಹಿಂದ್' ಎಂದು ಸಾರಿದ ಚೀಟಿಯನ್ನೂ, 1948ರ ಆಗಸ್ಟ್ 15ರಂದು ಹೊರಬಂದ, ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾದ ಗಾಂಧೀಜಿಯ ಚೀಟಿಗಳನ್ನೂ ಅಕ್ಕಪಕ್ಕದಲ್ಲಿಟ್ಟರೆ, ಒಂದು ವರ್ಷದೊಳಗಿನ ಹರ್ಷವೂ ಶೋಕವೂ ವಿವರಣೆಯಿಲ್ಲದೆಯೇ ಮನಮುಟ್ಟುವುವು.

ನಮ್ಮ ನಾಡಿನ ಪಾಲೂ ಇದರಲ್ಲುಂಟು. ಸರ್ ಎಂ. ವಿಶ್ವೇಶ್ವರಯ್ಯನವರು ನೂರನೆಯ ವರ್ಷಕ್ಕೆ ಕಾಲಿಟ್ಟ 1960ರ ಸೆಪ್ಟೆಂಬರ್ 15ರಂದು, ಅವರು ಜೀವಿಸಿದ್ದಾಗಲೇ, 15 ನಯೇ ಪೈಸೆಯ ಚೀಟಿ ಹೊರಬಂದಿತು. 1964ರಲ್ಲಿ ಪುರಂದರದಾಸರ ಚೀಟಿಯೂ ಬಂದಿತು.

ಕಡೆಯದಾಗಿ ವಾಚಕರಲ್ಲೊಂದು ಬಿನ್ನಹ. ಟ್ರಂಕಿನ ತಳದಲ್ಲಿ ತಾಯಿತಂದೆಯರ ಹಳೆಯ ಕಾಗದಗಳಿದ್ದರೆ ಚೀಟಿಯನ್ನು ಕಿತ್ತು ತೆಗೆಯಬೇಡಿರಿ. ಲಕೋಟೆಯನ್ನು ಇಡಿಯಾಗಿ, ಬಿಸಿಲು ತೇವಗಳಿಂದ ದೂರವಿರಿಸಿರಿ. ಚೀಟಿಯ ಮೇಲಿನ ಊರಂಚೆಯ ಮುದ್ರೆ, ತಾರೀಖು, ಅಂದು ನೀವಿದ್ದ ಪರಸ್ಥಳದ ವಿಳಾಸ, ಇವು ಮೂರೂ ಕೂಡಿದಾಗಲೇ ಅದು ಚರಿತ್ರೆ. ಬಿಡಿಸಿದ ಚೀಟಿಯಲ್ಲಿ ಚಿತ್ರವಷ್ಟೇ ಉಳಿಯುತ್ತದೆ. ಅದು ಪಯಣಿಸಿದ ಹಾದಿ ಅಳಿದುಹೋಗುತ್ತದೆ.