ಭಾರ ಹೊರಬೇಕಾದದ್ದು ಹೆಗಲಲ್ಲ, ಪಟ್ಟಿ

ರವಿಕೆ ಹೊಲಿಸುವಾಗ ಎದೆಸುತ್ತು, ತೋಳು, ಕತ್ತಿನ ಇಳಿತ ಎಲ್ಲವನ್ನೂ ಟೇಪು ಹಿಡಿದು ಅಳೆಸಿಕೊಳ್ಳುವ ಹೆಂಗಸರು, ಅದರೊಳಗೆ ದಿನವಿಡೀ ತೊಡುವ ಬ್ರಾವನ್ನು ಮಾತ್ರ ಎಂದೋ ಯಾರೋ ಹೇಳಿದ ನಂಬರಿನ ಮೇಲೆ ಕೊಳ್ಳುತ್ತಾರೆ. ಎಷ್ಟೋ ಅಂಗಡಿಗಳಲ್ಲಿ ತೊಟ್ಟು ನೋಡಲು ಜಾಗವಿರುವುದಿಲ್ಲ, ಕೇಳಲು ಸಂಕೋಚ. ಆಮೇಲೆ ಹೆಗಲಪಟ್ಟಿ ಜಾರುತ್ತದೆ, ಇಲ್ಲವೇ ಬರೆ ಮೂಡುವಷ್ಟು ಒತ್ತುತ್ತದೆ. ಬೆನ್ನ ಕಡೆಯ ಪಟ್ಟಿ ಮೇಲೇರುತ್ತದೆ. ಕೈ ಎತ್ತಿದರೆ ಇಡೀ ಬ್ರಾ ಸರಿಯುತ್ತದೆ. ಇದಕ್ಕೆ ಕೆಲವರು ತಮ್ಮ ಮೈಯನ್ನೇ ದೂರುತ್ತಾರೆ, ಇನ್ನು ಕೆಲವರು ಹೆಗಲಪಟ್ಟಿಯನ್ನು ಮತ್ತಷ್ಟು ಬಿಗಿ ಮಾಡುತ್ತಾರೆ. ಎರಡರಿಂದಲೂ ಪ್ರಯೋಜನವಿಲ್ಲ. ಈ ತೊಂದರೆಗಳು ಒಟ್ಟಿಗೆ ಕಾಣಿಸಿಕೊಂಡರೆ ಮೊದಲು ಅನುಮಾನಿಸಬೇಕಾದದ್ದು ಸ್ತನದ ಕೆಳಗೆ ಪಕ್ಕೆಲುಬುಗಳನ್ನು ಸುತ್ತಿಬರುವ ಪಟ್ಟಿಯ ಸಡಿಲವನ್ನು.

ಸ್ತನದ ಒಳಗೆ ಅದನ್ನು ಎತ್ತಿಹಿಡಿಯುವ ಸ್ನಾಯುವಿಲ್ಲ. ಹಾಲಿನ ಗ್ರಂಥಿ, ಕೊಬ್ಬು, ಅವುಗಳ ನಡುವೆ ಹಾಯುವ ತೆಳುವಾದ ನಾರಿನ ಎಳೆಗಳು, ಮೇಲೆ ಚರ್ಮ, ಇವಿಷ್ಟೇ ಅದರ ಆಧಾರ. ಈ ಎಳೆಗಳನ್ನು ಇಂಗ್ಲೆಂಡಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1840ರಲ್ಲಿ ವಿವರಿಸಿದ. ಅವಕ್ಕೆ ಇಂದಿಗೂ ಅವನದೇ ಹೆಸರು. ಒಳಗಿನ ಆಸರೆ ಇಷ್ಟು ಕಡಿಮೆ ಇರುವುದರಿಂದ ಓಡುವಾಗ ಸ್ತನ ಮೇಲೆ-ಕೆಳಗೆ ಮಾತ್ರವಲ್ಲ, ಅಕ್ಕಪಕ್ಕಕ್ಕೂ ಹಿಂದೆ-ಮುಂದೆಯೂ ಚಲಿಸುತ್ತದೆ. ಆ ಭಾರವನ್ನು ಬ್ರಾ ಹೆಗಲಿಗೆ ದಾಟಿಸಬಹುದು, ಇಲ್ಲವೇ ಎದೆಗೂಡಿಗೆ. ಹೆಗಲಪಟ್ಟಿ ಕಿರಿದಾದ್ದರಿಂದ ಭಾರವೆಲ್ಲ ಸಣ್ಣ ಜಾಗದ ಮೇಲೆ ಬಿದ್ದು ಅಲ್ಲಿನ ಸ್ನಾಯುಗಳನ್ನು ನೋಯಿಸುತ್ತದೆ. ಕೆಳಗಿನ ಪಟ್ಟಿ ಎದೆಗೂಡನ್ನು ಪೂರ್ತಿ ಸುತ್ತುವುದರಿಂದ ಅದೇ ಭಾರ ಹಂಚಿಹೋಗುತ್ತದೆ. ತುಂಬಿದ ಕೊಡವನ್ನು ಸೊಂಟದ ಮೇಲೆ ಕೂರಿಸಿಕೊಂಡವಳು ದೂರ ನಡೆಯಬಲ್ಲಳು. ಅದೇ ಕೊಡ ತೋಳಿಗೆ ಜೋತುಬಿದ್ದರೆ ನಾಲ್ಕು ಹೆಜ್ಜೆಗೇ ತೋಳು ಸೋಲುತ್ತದೆ. ಆದರೆ ಪಟ್ಟಿ ನಿಂತಲ್ಲೇ ನಿಲ್ಲಬೇಕಾದರೆ ಎಲಾಸ್ಟಿಕ್ಕಿನ ಎಳೆತ ಅದನ್ನು ಮೈಗೆ ಒತ್ತಿ ಹಿಡಿಯಬೇಕು. ಎಳೆತ ಸಾಲದಿದ್ದರೆ ಮುಂದಿನ ಭಾರ ಹೆಗಲ ಮೇಲಿಂದ ಹಾದು ಬೆನ್ನ ಪಟ್ಟಿಯನ್ನು ಮೇಲಕ್ಕೆಳೆಯುತ್ತದೆ, ಮುಂಭಾಗ ಇಳಿಬೀಳುತ್ತದೆ. ಆಗ ಹೆಗಲಪಟ್ಟಿಯನ್ನು ಬಿಗಿ ಮಾಡಿದಷ್ಟೂ ಹಿಂಬದಿ ಇನ್ನೂ ಮೇಲೇರುತ್ತದೆ.

ಪಟ್ಟಿ ಸಡಿಲವಾಗುವುದಕ್ಕೆ ಅಳೆಯುವ ಕ್ರಮವೇ ಒಂದು ಮುಖ್ಯ ಕಾರಣ. ಸ್ತನದ ಕೆಳಗಿನ ಸುತ್ತಳತೆಗೆ ನಾಲ್ಕೈದು ಇಂಚು ಸೇರಿಸಿ ಪಟ್ಟಿಯ ನಂಬರು ಹೇಳುವುದು ಹಳೆಯ ರೂಢಿ. ಕೆಳಗಿನ ಸುತ್ತಳತೆ 30 ಇಂಚು, ತುಂಬುಭಾಗದ ಸುತ್ತಳತೆ 35 ಇಂಚು ಇದ್ದವರಿಗೆ ಈ ರೂಢಿ 34ಎ ಎನ್ನುತ್ತದೆ: 30ಕ್ಕೆ 4 ಸೇರಿ 34, ಉಳಿದ ಒಂದು ಇಂಚಿಗೆ ಎ ಕಪ್. ಏನನ್ನೂ ಸೇರಿಸದಿದ್ದರೆ ಪಟ್ಟಿ 30, ವ್ಯತ್ಯಾಸ ಐದು ಇಂಚು, ಅಂದರೆ 30ಡಿಡಿ. ಕಪ್ಪಿನ ಅಕ್ಷರಕ್ಕೆ ಒಂಟಿಯಾಗಿ ಅರ್ಥವಿಲ್ಲ. ಪಟ್ಟಿಯ ನಂಬರು ಬದಲಾದಂತೆ ಅದರ ಗಾತ್ರವೂ ಬದಲಾಗುತ್ತದೆ. 30ಡಿಡಿ, 32ಡಿ, 34ಸಿ ಇವುಗಳ ಕಪ್ಪು ಹೆಚ್ಚುಕಡಿಮೆ ಒಂದೇ ಗಾತ್ರದ್ದು. ಹಾಗಾಗಿ 34ಎ ತೊಟ್ಟವಳಿಗೆ ಪಟ್ಟಿ ಸಡಿಲ, ಕಪ್ಪು ಚಿಕ್ಕದು. ಕಪ್ಪು ಸಾಲದೆಂದು ಅವಳು 36ಕ್ಕೆ ಹೋದರೆ ಪಟ್ಟಿ ಮತ್ತೂ ಸಡಿಲವಾಗುತ್ತದೆ. ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಸಂಶೋಧಕರು 45 ಮಹಿಳೆಯರ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಸಾಂಪ್ರದಾಯಿಕ ಅಳತೆ ಬಹುಪಾಲು ಜನರಿಗೆ ಪಟ್ಟಿಯನ್ನು ದೊಡ್ಡದಾಗಿಯೂ ಕಪ್ಪನ್ನು ಚಿಕ್ಕದಾಗಿಯೂ ಹೇಳಿತು.

ಹಾಗೆಂದು ಏನನ್ನೂ ಸೇರಿಸದ ಲೆಕ್ಕವೇ ಕೊನೆಯ ಮಾತಲ್ಲ. ಒಂದೊಂದು ಕಂಪನಿಯ ಎಲಾಸ್ಟಿಕ್ ಒಂದೊಂದು ರೀತಿ ಹಿಗ್ಗುತ್ತದೆ; ಒಂದೇ ಅಳತೆಯ ಇಬ್ಬರ ಮೈಯೂ ಒಂದೇ ಆಕಾರದ್ದಲ್ಲ. ಟೇಪಿನಿಂದ ಆರಂಭಿಸಿ, ತೊಟ್ಟು ನೋಡಿ ತೀರ್ಮಾನಿಸಬೇಕು. ತುಸು ಮುಂದಕ್ಕೆ ಬಾಗಿ ಸ್ತನಗಳನ್ನು ಕಪ್ಪಿನಲ್ಲಿ ಕೂರಿಸಿ, ಕನ್ನಡಿಯಲ್ಲಿ ಪಕ್ಕದಿಂದ ನೋಡಿ: ಪಟ್ಟಿ ಮುಂದೆಯೂ ಹಿಂದೆಯೂ ಒಂದೇ ಎತ್ತರದಲ್ಲಿ ನೆಲಕ್ಕೆ ಸಮಾನಾಂತರವಾಗಿರಬೇಕು. ಅದರಡಿ ಎರಡು ಬೆರಳು ತೂರಬೇಕು, ಮುಷ್ಟಿ ತೂರಬಾರದು. ಕಪ್ಪಿನ ಅಂಚಿನಿಂದ ಮಾಂಸ ಉಬ್ಬಿ ಬರಬಾರದು, ಬಟ್ಟೆ ಸುಕ್ಕುಗಟ್ಟಲೂಬಾರದು. ತಂತಿಯಿದ್ದರೆ ಅದು ಸ್ತನದ ಬುಡವನ್ನು ಸುತ್ತಿಕೊಂಡಿರಬೇಕು, ಸ್ತನದ ಮೇಲೆ ಕೂರಬಾರದು. ಕೊನೆಗೆ ಎರಡೂ ಹೆಗಲಪಟ್ಟಿಗಳನ್ನು ಕೆಳಗಿಳಿಸಿ ನೋಡಿ. ಪಟ್ಟಿ ತನ್ನ ಜಾಗದಲ್ಲೇ ನಿಂತರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದರ್ಥ.

ಹೊಸ ಬ್ರಾ ಹೊರಗಡೆಯ, ಅಂದರೆ ಅತಿ ಸಡಿಲದ ಹುಕ್ಕಿನಲ್ಲೇ ಸರಿಯಾಗಿ ಕೂರಬೇಕು. ಒಳಗಿನ ಸಾಲುಗಳಿರುವುದು ಮುಂದೆ ಎಲಾಸ್ಟಿಕ್ ಹಿಗ್ಗಿದಾಗ ಬಳಸಲು. ಬೆವರು, ಬಿಸಿನೀರು, ಬ್ಲೀಚು ಎಲಾಸ್ಟಿಕ್ಕನ್ನು ಬೇಗ ಸೋಲಿಸುತ್ತವೆ. ತಣ್ಣೀರಿನಲ್ಲಿ ಕೈಯಿಂದ ಒಗೆದು ನೆರಳಲ್ಲಿ ಒಣಗಿಸಿದರೆ ಹೆಚ್ಚು ಕಾಲ ಬಾಳುತ್ತದೆ. ಒಳಗಿನ ಹುಕ್ಕಿನಲ್ಲೂ ಸಡಿಲವೆನಿಸಿದರೆ ಪಟ್ಟಿಯನ್ನು ಎಳೆದು ಬಿಡಿ. ಅದು ಮರಳಿ ಕುಗ್ಗದಿದ್ದರೆ ಹೊಲಿಗೆಯಿಂದ ಲಾಭವಿಲ್ಲ, ಬದಲಿಸುವುದೇ ಸರಿ. ಎಲಾಸ್ಟಿಕ್ ಗಟ್ಟಿಯಾಗಿದ್ದು ಪಟ್ಟಿ ಮಾತ್ರ ಉದ್ದವಾಗಿದ್ದರೆ ಟೈಲರ್ ಸುಲಭವಾಗಿ ಸರಿಪಡಿಸಬಲ್ಲರು: ಹುಕ್ಕಿನ ತುಂಡುಗಳನ್ನು ಬಿಚ್ಚಿ, ಎರಡೂ ಬದಿ ಸಮನಾಗಿ ಕತ್ತರಿಸಿ, ಹಿಗ್ಗಲು ಅವಕಾಶವಿರುವಂತೆ ಅಂಕುಡೊಂಕು ಹೊಲಿಗೆಯಲ್ಲಿ ಮತ್ತೆ ಕೂಡಿಸಬೇಕು. ಒಟ್ಟು ಮೂರ್ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ತೆಗೆದರೆ ಹೆಗಲಪಟ್ಟಿಗಳು ಬೆನ್ನಿನಲ್ಲಿ ಹತ್ತಿರ ಬಂದು ಕಪ್ಪಿನ ಆಕಾರ ಕೆಡಬಹುದು.

ಬಿಗಿಯಾದ ಪಟ್ಟಿ ಉಸಿರಾಟಕ್ಕೆ ತೊಡಕಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಕೆನಡಾದ ಸಂಶೋಧಕರು ಒಂಬತ್ತು ಮಂದಿ ನುರಿತ ಓಟಗಾರ್ತಿಯರನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ರೀಡಾ ಬ್ರಾದ ಪಟ್ಟಿ ಅತಿ ಬಿಗಿಯಾದಾಗ ಉಸಿರಾಡುವ ಶ್ರಮ ಹೆಚ್ಚಿದ್ದು ಕಂಡಿತು. ಆದ್ದರಿಂದ ಬೇಕಾದದ್ದು ಮೈಗೆ ಕೂರುವ ಪಟ್ಟಿಯೇ ಹೊರತು ಹಿಂಡುವ ಪಟ್ಟಿಯಲ್ಲ. ಆಳವಾಗಿ ಉಸಿರೆಳೆದಾಗ ನೋವಾದರೆ ಆ ಪಟ್ಟಿ ನಿಮ್ಮ ಅಳತೆಯದಲ್ಲ. ಬ್ರಾದಿಂದ ಕ್ಯಾನ್ಸರ್ ಬರುತ್ತದೆಂಬ ಭಯ ಇನ್ನೊಂದು. ಅಮೆರಿಕದ ಸಿಯಾಟಲ್‌ನ ಸಂಶೋಧಕರು ಋತುಬಂಧ ದಾಟಿದ 1,500ಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ಹೋಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಯಾವ ಸಂಬಂಧವೂ ಕಂಡಿಲ್ಲ. ಬ್ರಾ ತೊಡಲೇಬೇಕೆ ಎಂದರೆ, ಇಲ್ಲ. ಅದಿಲ್ಲದೆ ಹಾಯಾಗಿರುವವರು ಹಾಗೆಯೇ ಇರಲಿ. ಆದರೆ ತೊಡುವವರು ಅದಕ್ಕಾಗಿ ನೋವು ತಿನ್ನಬೇಕಿಲ್ಲ.

ಹೆರಿಗೆ, ಹಾಲೂಡಿಕೆ, ತೂಕದ ಏರಿಳಿತ, ವಯಸ್ಸು, ಇವೆಲ್ಲ ಅಳತೆಯನ್ನು ಬದಲಿಸುತ್ತವೆ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಟೇಪು ಹಿಡಿಯಿರಿ; ಹದಿಹರೆಯದ ಮಗಳಿಗೆ ನಂಬರನ್ನಷ್ಟೇ ಹೇಳಿಕೊಡದೆ ಅಳತೆ ನೋಡಿಕೊಳ್ಳುವ ಕ್ರಮವನ್ನೂ ಕಲಿಸಿ. ಅಂಗಡಿಯವರು ಬಾಗಿಲಿರುವ ಒಂದು ಸಣ್ಣ ಕೋಣೆಯನ್ನೂ ಅಳತೆ ತಿಳಿದ ಒಬ್ಬ ಮಹಿಳೆಯನ್ನೂ ಇಡಲಿ. ತೊಟ್ಟು ನೋಡಿ ಕೊಳ್ಳುವುದು ಚಪ್ಪಲಿಗೆ ಸಲ್ಲುವುದಾದರೆ ಬ್ರಾಗೂ ಸಲ್ಲಬೇಕು. ಅದನ್ನು ಸಂಕೋಚವಿಲ್ಲದೆ ಕೇಳಿ.